ಮಿಂಚುಳ್ಳಿಯ ಬಿಲ್ಲೆ

ಲೈಸೆನ್ಸ್ ಇರುವ ಡ್ರೋನ್ ಪೈಲಟ್‌ಗಳು ಈ ಸಲ ಯಾವ ಯಂತ್ರದ ಕಡೆ ವಾಲಿದ್ದಾರೆ ಎಂದು ಮೂರು ತಿಂಗಳಿಗೊಮ್ಮೆ ‘ಆಯ್ಕೆ ಪಟ್ಟಿ’ ಬರುತ್ತದಲ್ಲ, ಅದನ್ನು ಕಂಡರೆ ನನಗೆ ಹೇಸಿಗೆ. ಟೀವಿಯವರು ಅದನ್ನು ಚುನಾವಣೆ ಫಲಿತಾಂಶದಷ್ಟೇ ಸಡಗರದಿಂದ ಓದುತ್ತಾರೆ. ಯಾವುದು ಮೇಲೇರಿತು, ಯಾವುದು ಕುಸಿಯಿತು, ಮಾರುಕಟ್ಟೆಯ ಒಲವು ಎತ್ತ ಎಂದು ಟೈ ಕಟ್ಟಿಕೊಂಡವರು ಕೂತು ತಲೆ ಕೊರೆಯುತ್ತಾರೆ. ನಾನು ಎದ್ದು ಚಾನೆಲ್ ಬದಲಿಸುತ್ತೇನೆ. “ಅಷ್ಟಕ್ಕೆಲ್ಲ ಯಾಕ್ರೀ ಮುಖ ಕಿವುಚ್ತೀರ?” ಅನ್ನುತ್ತಾಳೆ ನನ್ನ ಹೆಂಡತಿ ಅನ್ನಪೂರ್ಣ. ಕಿವುಚದೆ ಇನ್ನೇನು ಮಾಡಲಿ? ಆ ಪಟ್ಟಿಯೊಳಗೆ ಏನು ತುಂಬಿದೆ ಎಂದು ಹತ್ತಿರದಿಂದ ನೋಡಿದವನು ನಾನು.

ನನ್ನ ಹೆಸರು ಕೊಟ್ರೇಶ. ಚಿತ್ರದುರ್ಗದ ಕೆಳ ಆಕಾಶ ನಿಯಂತ್ರಣ ಕೇಂದ್ರದಲ್ಲಿ ಪಾಳಿ ಅಧಿಕಾರಿ. ವಿಮಾನಗಳಿಗಿಂತ ಎಷ್ಟೋ ಕೆಳಗೆ, ಮಾಳಿಗೆಗಳ ಮೇಲೆ, ಗುಡ್ಡದ ಗಾಳಿಯಂತ್ರಗಳ ನಡುವೆ ಓಡಾಡುವ ಡ್ರೋನ್‌ಗಳಿಗೆ ದಾರಿ ಬಿಡುವುದು ನಮ್ಮ ಕೆಲಸ. ಹಿಂದೆಲ್ಲ ಒಂದು ಡ್ರೋನು ಎಷ್ಟು ಗಾಳಿ ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಮಿತಿ ಹಾಕುತ್ತಿದ್ದರು. ಆಮೇಲೆ ಯಾವನೋ ಪುಣ್ಯಾತ್ಮ ‘ಅನುಭವ ಗಣಕ’ವನ್ನು ತಂದ. ಈಗ ಪ್ರತಿಯೊಂದು ಡ್ರೋನಿನ ಹೊಟ್ಟೆಗೂ ನಾಣ್ಯದಗಲದ ಒಂದು ಗುರುತು ಬಿಲ್ಲೆ ಅಂಟಿರಬೇಕು. ಹಾರುವಾಗ ಅದು ಯಂತ್ರದ ಮಾದರಿಯ ಹೆಸರನ್ನೂ ಪೈಲಟ್‌ನ ಲೈಸೆನ್ಸ್ ಸಂಖ್ಯೆಯನ್ನೂ ನಮಗೆ ಕಳಿಸುತ್ತಿರುತ್ತದೆ. ಗಾಳಿ ಮಿತಿಗಿಂತ ಒಂದೆರಡು ಕಿಲೋಮೀಟರು ಹೆಚ್ಚಿದ್ದರೂ ಪರದೆ ಹಸಿರನ್ನೇ ತೋರಿಸುತ್ತದೆ. ಲೈಸೆನ್ಸ್ ಇದ್ದವನೊಬ್ಬ ಅಂಥ ಗಾಳಿಯಲ್ಲಿ ಹಾರಿಸಿ ಕ್ಷೇಮವಾಗಿ ಇಳಿಸಿದರೆ, ಗಣಕ ಆ ಮಾದರಿಯ ಗಾಳಿ ಮಿತಿಯನ್ನು ಕೂದಲೆಳೆಯಷ್ಟು ಏರಿಸುತ್ತದೆ. ಸಾವಿರಾರು ಹಾರಾಟಗಳು ಸೇರಿದರೆ ಮಿತಿ ತಾನಾಗಿ ಬೆಳೆಯುತ್ತದೆ. ಪರೀಕ್ಷೆಯ ಖರ್ಚಿಲ್ಲ, ಕಾಯುವ ತಲೆನೋವಿಲ್ಲ.

ಇದರ ಜೊತೆಗೆ ಆಯ್ಕೆ ಪಟ್ಟಿ. ಯಾವ ಮಾದರಿಯ ಬಿಲ್ಲೆಗಳು ಹೆಚ್ಚು ಹಾರುತ್ತಿವೆಯೋ ಅದಕ್ಕೆ ವಿಮೆ ಅಗ್ಗ. ಆಸ್ಪತ್ರೆಗಳ ಗುತ್ತಿಗೆ, ಗಾಳಿಯಂತ್ರ ಕಂಪನಿಗಳ ಗುತ್ತಿಗೆ ಎಲ್ಲ ಮೊದಲು ಅದಕ್ಕೇ. ಪಟ್ಟಿಯಲ್ಲಿ ಕೆಳಗಿರುವ ಯಂತ್ರ ಇಟ್ಟುಕೊಂಡವನು ಮನೆಯಲ್ಲಿ ಕೂತು ನೊಣ ಹೊಡೆಯಬೇಕು.

ನಮ್ಮ ಜಿಲ್ಲೆಯಲ್ಲಿ ಮೊದಲು ಎಲ್ಲರ ಹತ್ತಿರವೂ ಇದ್ದದ್ದು ‘ಗೂಳಿ’. ಆರು ತೋಳಿನ, ಕಪ್ಪು ಬಣ್ಣದ, ಭಾರದ ಯಂತ್ರ. ಸದ್ದು ಜಾಸ್ತಿ, ನೋಡಲು ಚೆಂದವಿಲ್ಲ, ಬ್ಯಾಟರಿ ಬಹಳ ತಿನ್ನುತ್ತದೆ. ಆದರೆ ದುರ್ಗದ ಗಾಳಿಗೆ ಜಗ್ಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ‘ಮಿಂಚುಳ್ಳಿ’ ಬಂತು. ನೀಲಿ ಬಣ್ಣ, ನಾಲ್ಕೇ ತೋಳು, ಎತ್ತಿದರೆ ಹೂವಿನ ಬುಟ್ಟಿಯಷ್ಟು ಹಗುರ. ಆರೇ ತಿಂಗಳಲ್ಲಿ ನನ್ನ ಪರದೆಯ ಮೇಲೆ ಗೂಳಿಗಳೆಲ್ಲ ಮಾಯವಾಗಿ ಎಲ್ಲಿ ನೋಡಿದರೂ ಮಿಂಚುಳ್ಳಿಯೇ ಆಯಿತು. ಅದರ ಗಾಳಿ ಮಿತಿ ಗಂಟೆಗೆ ಇಪ್ಪತ್ತಾರು ಕಿಲೋಮೀಟರಿನಿಂದ ಏರುತ್ತಾ ಏರುತ್ತಾ ಐವತ್ತು ದಾಟಿತು. ಎಂಥ ಯಂತ್ರವಪ್ಪಾ ಎಂದು ನಾವೂ ಮೂಗಿನ ಮೇಲೆ ಬೆರಳಿಟ್ಟುಕೊಂಡೆವು. ನಮ್ಮ ಕೋಣೆಗೆ ಕಿಟಕಿ ಇಲ್ಲ. ಪರದೆ ಹೇಳಿದ್ದೇ ನಮಗೆ ಆಕಾಶ.

ನನ್ನ ತಂಗಿ ದಾಕ್ಷಾಯಣಿ ಲೈಸೆನ್ಸ್ ಪಡೆದದ್ದು ಹೋದ ವರ್ಷ. ಗಂಡನ ಮನೆ ಸಾಕು ಎಂದು ಬಂದು ನಮ್ಮ ಜೊತೆಗಿದ್ದಳು. ಓದುವುದೆಂದರೆ ಮೂರು ಹೊತ್ತೂ ಓದಿ, ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲು ಬಂದಳು. ಯಾವ ಯಂತ್ರ ಕೊಳ್ಳಬೇಕು ಎಂದು ಮನೆಯಲ್ಲಿ ವಾರಗಟ್ಟಲೆ ಅದೇ ಮಾತು.

“ಅಣ್ಣ, ನಿನ್ನ ಪರದೆ ಮೇಲೆ ಮಿಂಚುಳ್ಳಿ ಹೆಂಗೈತೆ?” ಎಂದು ಮುದ್ದೆ ಮುರಿಯುತ್ತಾ ಕೇಳಿದಳು.

“ಇರೋದೆಲ್ಲ ಅದೇ. ಐವತ್ತರ ಗಾಳಿಲೂ ನೆಟ್ಟಗೆ ಹೋಗ್ತೈತೆ,” ಎಂದೆ.

“ಕೈಯಲ್ಲಿ ಹಿಡಿದ್ರೆ ಹಪ್ಪಳ ಇದ್ದಂಗೈತಲ್ಲಣ್ಣ. ನಂಗ್ಯಾಕೋ ಅನುಮಾನ.”

“ಅನುಮಾನ ಇದ್ರೆ ರುದ್ರಮುನಿಯವ್ರನ್ನ ಕೇಳು.”

ರುದ್ರಮುನಿ ಪೈಲಟ್‌ಗಳ ಸಂಘದ ಅಧ್ಯಕ್ಷ. ಬಿಳಿ ಅಂಗಿ, ಹಣೆತುಂಬ ವಿಭೂತಿ, ಮಾತಾಡಿದರೆ ಬೆಣ್ಣೆ. ದಾಕ್ಷಿ ಹೋಗಿ ಕೇಳಿದಳು. “ಕಣ್ಮುಚ್ಕಂಡು ತಗಳವ್ವ. ನಾನು ಮೂರು ವರ್ಷದಿಂದ ಅದ್ನೇ ಹಾರಿಸ್ತಿಲ್ವಾ?” ಎಂದರಂತೆ. ಅವಳು ಕೊಂಡಳು. ಡಬ್ಬ ಬಂದ ದಿನ ಅನ್ನಪೂರ್ಣ ಅದಕ್ಕೆ ಕುಂಕುಮ ಹಚ್ಚಿ ನಿಂಬೆಹಣ್ಣು ನಿವಾಳಿಸಿದಳು. ದಾಕ್ಷಿ ಮೊದಲ ಕೆಲವು ತಿಂಗಳು ಊರಾಚೆಯ ಔಷಧಿ ಉಗ್ರಾಣದಿಂದ ಒಬ್ಬಳೇ, ಸಂಘದವರ ಯಂತ್ರಗಳನ್ನು ಕಾಣದೆಯೇ, ಗಾಳಿಯಿಲ್ಲದ ದಿನಗಳಲ್ಲಿ ಔಷಧಿ, ರಕ್ತದ ಮಾದರಿ ಸಾಗಿಸಿ ಒಳ್ಳೆಯ ಹೆಸರು ತೆಗೆದುಕೊಂಡಳು.

ಆಷಾಢ ಬಂತು. ದುರ್ಗದ ಆಷಾಢದ ಗಾಳಿ ಗೊತ್ತಲ್ಲ, ಒಣಗಲು ಹಾಕಿದ ಬಟ್ಟೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಒಂದು ಮಧ್ಯಾಹ್ನ ಬೋರನಹಟ್ಟಿಯಿಂದ ಕರೆ ಬಂತು. ಕುರಿ ಕಾಯುವ ಚಿತ್ತಯ್ಯ ಎಂಬಾತನ ಕೈಗೆ ಕೊಳಕುಮಂಡಲ ಹಾವು ಕಚ್ಚಿದೆ, ಅಲ್ಲಿನ ಉಪಕೇಂದ್ರದಲ್ಲಿ ನರ್ಸ್ ಇದ್ದಾಳೆ, ವಿಷ ಇಳಿಸುವ ಔಷಧಿ ಇಲ್ಲ. ರಸ್ತೆ ಸುತ್ತಿಕೊಂಡು ಹೋದರೆ ಬಹಳ ಹೊತ್ತು. ಸರದಿಯಲ್ಲಿದ್ದವಳು ದಾಕ್ಷಿ.

ನಾನೇ ಪಾಳಿಯಲ್ಲಿದ್ದೆ. ಗಾಳಿ ನಲವತ್ತನಾಲ್ಕು. ಮಿಂಚುಳ್ಳಿಯ ಮಿತಿ ಐವತ್ತೆರಡು. ಪರದೆ ಹಸಿರು ತೋರಿಸಿತು. “ಕೇಂದ್ರ, ಮಿಂಚುಳ್ಳಿ. ಬೋರನಹಟ್ಟಿಗೆ ಔಷಧಿ. ದಾರಿ ಬಿಡಿ,” ಎಂಬ ಅವಳ ದನಿ ಕೇಳಿತು. ಬಿಟ್ಟೆ. ಅವಳದರ ಹಿಂದೆ ಮುಂದೆ ಇಪ್ಪತ್ತು ಮಿಂಚುಳ್ಳಿಗಳು ಅದೇ ಗಾಳಿಯಲ್ಲಿ ಆರಾಮಾಗಿ ಓಡಾಡುತ್ತಿದ್ದವು. ಗುಡ್ಡ ದಾಟಿದ ಕೂಡಲೇ ಅವಳ ಚುಕ್ಕೆ ಪರದೆಯ ಮೇಲೆ ಗಿರಗಿರನೆ ತಿರುಗಿತು. “ಅಣ್ಣ, ಕೈಗೆ ಸಿಗ್ತಿಲ್ಲ! ಅಣ್ಣ!” ಎಂದಳು. ಅಷ್ಟೇ, ಚುಕ್ಕೆ ನಿಂತಿತು.

ಕಲ್ಲಿಗೆ ಬಡಿದು ಯಂತ್ರ ನುಚ್ಚುನೂರಾಗಿತ್ತು. ಸೀಸೆಗಳು ಒಂದೂ ಉಳಿದಿರಲಿಲ್ಲ. ಚಿತ್ತಯ್ಯನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತರುವ ಹೊತ್ತಿಗೆ ಕೈ ಕಪ್ಪಾಗಿತ್ತು. ಜೀವ ಉಳಿಯಿತು, ಬಲಗೈಯ ಮೂರು ಬೆರಳು ಕತ್ತರಿಸಬೇಕಾಯಿತು.

ಬೆಂಗಳೂರಿನಿಂದ ವಿಚಾರಣೆಗೆ ಬಂದವರು ವಿಶ್ವಂಭರ ರಾವ್ ಎಂಬ ಅಧಿಕಾರಿ. ಕೆಟ್ಟವರಲ್ಲ, ದನಿ ಏರಿಸದೆ ಮಾತಾಡುವ ಮನುಷ್ಯ. ಅದೇ ಹೆಚ್ಚು ಮೈ ಉರಿಸುತ್ತಿತ್ತು. “ಕೊಟ್ರೇಶ್, ನೀವೇ ಹೇಳಿ. ಅದೇ ದಿನ, ಅದೇ ಗಾಳಿ, ಅದೇ ಮಾದರಿಯ ಇಪ್ಪತ್ತು ಯಂತ್ರಗಳು ಹಾರಿ ಇಳಿದಿವೆ. ಮೂರು ವರ್ಷದಲ್ಲಿ ಒಂದೂ ಬಿದ್ದಿಲ್ಲ. ಬಿದ್ದದ್ದು ನಿಮ್ಮ ತಂಗಿಯದು ಮಾತ್ರ. ತಪ್ಪು ಯಂತ್ರದ್ದೋ, ಕೈಯದ್ದೋ?” ಎಂದರು. ದಾಕ್ಷಿಯ ಲೈಸೆನ್ಸ್ ತಡೆಹಿಡಿದರು. ಅಂತಿಮ ವಿಚಾರಣೆಯಲ್ಲಿ ತಪ್ಪು ಅವಳದೇ ಎಂದಾದರೆ ಲೈಸೆನ್ಸ್ ಜನ್ಮಕ್ಕೂ ಇಲ್ಲ, ಮೇಲೆ ಪೊಲೀಸ್ ಕೇಸು.

ಮನೆಯಲ್ಲಿ ದಾಕ್ಷಿಗೆ ಬಡಿಸಿದ ತಟ್ಟೆ ಹಾಗೇ ಇರುತ್ತಿತ್ತು. “ಎಲ್ರೂ ಹಾರಿಸಿದ್ರು. ನನ್ ಕೈಗೇ ಬರ್ಲಿಲ್ಲ. ನಂಗೆ ಹಾರ್ಸಾಕೆ ಬರಲ್ಲ ಅಂತ ಕಾಣ್ತದೆ ಅತ್ತಿಗೆ,” ಎಂದು ಅನ್ನಪೂರ್ಣಳ ಹತ್ತಿರ ಒಂದೇ ಸಲ ಹೇಳಿದಳು. ಜಿಲ್ಲೆಗೇ ಮೊದಲು ಬಂದ ಹುಡುಗಿ.

ಚಿತ್ತಯ್ಯನನ್ನು ನೋಡಬೇಕು ಎಂದು ಅವಳೇ ಹಟ ಹಿಡಿದಳು. ಇಬ್ಬರೂ ಆಸ್ಪತ್ರೆಗೆ ಹೋದೆವು. ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಆತ ಕೂತಿದ್ದ. ದಾಕ್ಷಿ ಕಾಲು ಹಿಡಿಯಲು ಬಗ್ಗಿದರೆ, “ಏ ಬಿಡು ತಾಯಿ, ನೀನೇನು ಬೇಕಂತ ಬೀಳಿಸಿದ್ಯಾ? ಕುರಿ ಕಾಯಾಕೆ ಎಡಗೈ ಐತೆ,” ಎಂದ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಗಾಳಿ ಬೇಕು ಎಂದಳು, ಮೆಟ್ಟಿಲು ಹತ್ತಿ ಮಾಳಿಗೆಗೆ ಕರೆದುಕೊಂಡು ಹೋದೆ.

ಆಸ್ಪತ್ರೆಯ ಮಾಳಿಗೆಯೆಂದರೆ ಡ್ರೋನ್‌ಗಳು ಇಳಿಯುವ ಕಟ್ಟೆ. ನಾವು ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತಿದ್ದೆವು. ಗಾಳಿ ಕಿವಿಯಲ್ಲಿ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಗಡಗಡ ಸದ್ದು ಮಾಡುತ್ತಾ ಒಂದು ಯಂತ್ರ ಬಂದು ಇಳಿಯಿತು. ಆರು ತೋಳು. ಕಪ್ಪು ಮೈ. ನಾನು ಸುಮ್ಮನೆ ಕೆಲಸದ ಅಭ್ಯಾಸಕ್ಕೆ ಮೊಬೈಲಿನಲ್ಲಿ ಕೇಂದ್ರದ ಪರದೆ ತೆರೆದೆ. ಆಸ್ಪತ್ರೆಯ ಮಾಳಿಗೆಯ ಮೇಲೆ ಒಂದು ಚುಕ್ಕೆ. ಹೆಸರು: ಮಿಂಚುಳ್ಳಿ.

“ಇದು ಗೂಳಿ ಅಲ್ವೇನಣ್ಣ?” ಎಂದಳು ದಾಕ್ಷಿ.

ಎರಡನೆಯದು ಬಂತು. ಕಪ್ಪು, ಆರು ತೋಳು. ಪರದೆಯ ಮೇಲೆ ಮಿಂಚುಳ್ಳಿ. ಮೂರನೆಯದೂ ಅದೇ. ಕಟ್ಟೆಯ ಮೇಲೆ ಸಾಲಾಗಿ ಕೂತ ಗೂಳಿಗಳ ಹೊಟ್ಟೆಯ ಕೆಳಗೆ ಮಿಂಚುಳ್ಳಿಯ ನೀಲಿ ಬಿಲ್ಲೆಗಳು ಮಿನುಗುತ್ತಿದ್ದವು. ದಾಕ್ಷಿ ಅಳಲಿಲ್ಲ. “ಹಂಗಾದ್ರೆ ನನ್ ಕೈದು ತಪ್ಪಲ್ಲ,” ಎಂದು ತನಗೆ ತಾನೇ ಹೇಳಿಕೊಂಡಳು.

ಅಲ್ಲಿಂದ ನೇರ ಹೊರಟದ್ದು ರುದ್ರಮುನಿಯ ಶೆಡ್ಡಿಗೆ. ಸಂಘದವರು ಏಳೆಂಟು ಜನ ಚಹಾ ಕುಡಿಯುತ್ತಾ ಕೂತಿದ್ದರು. ಅವರ ಹಿಂದೆ ಒಂದೇ ವರ್ಷ ಕೊಂಡ ಎರಡು ಗೂಳಿಗಳು ಜೋಡಿಯಾಗಿ ನಿಂತಿದ್ದವು, ಎರಡಕ್ಕೂ ನೀಲಿ ಬಿಲ್ಲೆ. ಮುಚ್ಚಿಡುವ ಅವಕಾಶವೇ ಇರಲಿಲ್ಲ.

“ಇದೇನು ರುದ್ರಮುನಿಯವ್ರೇ?” ಎಂದೆ.

ಆತ ಗಾಬರಿಯಾಗಲಿಲ್ಲ. “ಕುತ್ಕಳ್ರಿ ಕೊಟ್ರೇಶಪ್ಪ. ಕಳ್ಳತನ ಏನಲ್ಲ ಇದು. ಮಿಂಚುಳ್ಳಿ ಬುಕ್ ಮಾಡಿದ್ರೆ ಕಂಪ್ನಿಯವ್ರು ಬಿಲ್ಲೆ ಮೊದ್ಲೇ ಕಳಿಸ್ತಾರೆ, ಯಂತ್ರ ಆಮೇಲೆ. ನಾವು ಬಿಲ್ಲೆ ಇಸ್ಕಂಡ್ವಿ. ಯಂತ್ರ ಬೇಡ ಅಂದ್ವಿ. ಅವ್ರಿಗೂ ಪಟ್ಟಿಲಿ ಹೆಸ್ರು ಬೇಕಿತ್ತು, ನಮಗೂ ಗುತ್ತಿಗೆ ಬೇಕಿತ್ತು. ಆ ಹಪ್ಪಳ ಕಟ್ಕಂಡು ದುರ್ಗದ ಗಾಳಿಲಿ ಯಾವನ್ ಹಾರಿಸ್ತಾನೆ?”

“ಮತ್ತೆ ನನಗ್ಯಾಕೆ ತಗ ಅಂದ್ರಿ?” ದಾಕ್ಷಿ ಅವನ ಎದುರಿಗೇ ಹೋಗಿ ನಿಂತಳು. “ಕಣ್ಮುಚ್ಕಂಡು ತಗ ಅಂದ್ರಲ್ಲ!”

“ಮತ್ತೇನವ್ವ ಹೇಳ್ಬೇಕಿತ್ತು? ನಿಮ್ಮಣ್ಣ ಕೇಂದ್ರದಾಗೆ ಅವ್ನೆ. ನಿನ್ ಮುಂದೆ ಬಾಯಿಬಿಟ್ರೆ ನಾಳೆ ನಮ್ಮೆಲ್ರ ಬುಡಕ್ಕೆ ಬಿಸಿನೀರು. ನೀನೂ ಬಿಲ್ಲೆ ಇಸ್ಕಂಡು ಸುಮ್ನಾಗ್ತೀಯ ಅನ್ಕಂಡೆ. ನಿಜವಾಗ್ಲೂ ಯಂತ್ರ ತರುಸ್ಕಂಡು ಹಾರಿಸ್ತೀಯ ಅಂತ ಯಾರಿಗ್ಗೊತ್ತಿತ್ತು?”

ಪಕ್ಕದಲ್ಲಿದ್ದ ಒಬ್ಬ ಪೆಚ್ಚುನಗೆ ನಕ್ಕು, “ನಾನು ಮೊದ್ಲು ಹಿಂಗ್ ಮಾಡಿರೋನು ನಾನೊಬ್ನೇ ಅನ್ಕಂಡಿದ್ದೆ ಸಾರ್. ಆಮೇಲೆ ನೋಡಿದ್ರೆ ಎಲ್ರೂ ಅದೇ ಕಸುಬು,” ಎಂದ. ಅದನ್ನು ಕೇಳಿ ಉಳಿದವರೂ ನಕ್ಕರು. ನಕ್ಕರು! ಆಸ್ಪತ್ರೆಯಲ್ಲಿ ಒಬ್ಬ ಬೆರಳು ಕತ್ತರಿಸಿಕೊಂಡು ಮಲಗಿದ್ದಾನೆ, ಇವರು ಚಹಾ ಹೀರಿಕೊಂಡು ನಗುತ್ತಿದ್ದಾರೆ.

“ವಿಚಾರಣೆಗೆ ಬಂದು ಇದನ್ನೇ ಹೇಳಿ. ಒಬ್ಬರು ಹೇಳಿದರೂ ಸಾಕು, ಅವಳ ಲೈಸೆನ್ಸ್ ಉಳಿಯುತ್ತೆ,” ಎಂದೆ.

ಎಲ್ಲರೂ ಚಹಾದ ಲೋಟ ನೋಡಿದರು. ರುದ್ರಮುನಿ ಲೋಟ ಕೆಳಗಿಟ್ಟು, “ನಮಗೂ ಹೆಂಡ್ರು ಮಕ್ಳು ಅವ್ರೆ ಕೊಟ್ರೇಶಪ್ಪ. ಹೋಗಿದ್ದು ಹೋಯ್ತು. ಬೇಕಾದ್ರೆ ತಂಗಿಗೆ ನಮ್ ಸಂಘದಾಗೇ ಒಂದು ಲೆಕ್ಕಪತ್ರದ ಕೆಲ್ಸ ಕೊಡ್ಸಾನ,” ಎಂದ. ದಾಕ್ಷಿ ನನ್ನ ಕೈ ಹಿಡಿದು ಎಳೆದುಕೊಂಡು ಹೊರಗೆ ಬಂದಳು. ಇಲ್ಲದಿದ್ದರೆ ಅವತ್ತು ನನ್ನ ಕೈಯಿಂದ ಏನಾಗುತ್ತಿತ್ತೋ.

ಮರುದಿನ ವಿಶ್ವಂಭರ ರಾಯರಿಗೆ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. “ನಾನು ನಂಬುತ್ತೇನೆ. ಆದರೆ ನೀವು ಆರೋಪಿಯ ಅಣ್ಣ. ತಪಾಸಣೆ ಎಂದರೆ ಬಿಲ್ಲೆಗಳನ್ನು ಸಂಜೆಯೊಳಗೆ ಕಿತ್ತುಹಾಕುತ್ತಾರೆ, ನಾವು ಹೋದ ಮೇಲೆ ಮತ್ತೆ ಅಂಟಿಸಿಕೊಳ್ಳುತ್ತಾರೆ. ಪೈಲಟ್‌ಗಳ ಬಾಯಿಂದಲೇ ಬರಬೇಕು,” ಎಂದರು.

ಬಾಯಿಂದಲೇ ತಾನೆ? ಸರಿ.

ನಮ್ಮ ನಿಯಮದಲ್ಲಿ ಯಾರೂ ಬಳಸದ ಒಂದು ಅಧಿಕಾರ ಪಾಳಿ ಅಧಿಕಾರಿಗಿದೆ. ಯಾವುದೇ ಮಾದರಿ ಅಪಘಾತಕ್ಕೆ ಸಿಕ್ಕಿ ವಿಚಾರಣೆ ಬಾಕಿಯಿದ್ದರೆ, ಅಲ್ಲಿಯವರೆಗೆ ಗಣಕದ ಮಿತಿಯನ್ನು ಬದಿಗಿಟ್ಟು ತಯಾರಕರ ಕೈಪಿಡಿಯ ಮಿತಿಯನ್ನೇ ಜಾರಿಗೆ ತರಬಹುದು. ಮಿಂಚುಳ್ಳಿಯ ಕೈಪಿಡಿ ಹೇಳುವುದು ಇಪ್ಪತ್ತಾರು ಕಿಲೋಮೀಟರು.

ಮಾರನೆಯ ದಿನ ಗಾಳಿ ನಲವತ್ತರ ಮೇಲಿತ್ತು. ಆಸ್ಪತ್ರೆಯ ಕೆಲಸಕ್ಕೆ ಹೊರಟ ಯಂತ್ರ ಯಾವುದೂ ಇಲ್ಲ ಎಂದು ಖಾತ್ರಿ ಮಾಡಿಕೊಂಡೆ. ಆಕಾಶದಲ್ಲಿದ್ದದ್ದು ಹೋಟೆಲಿನ ಊಟ, ಗಾಳಿಯಂತ್ರಗಳ ಬಿಡಿಭಾಗ, ಬಟ್ಟೆಬರೆ. ಮೈಕು ಹಿಡಿದು, “ಎಲ್ಲ ಮಿಂಚುಳ್ಳಿಗಳಿಗೆ ಕೇಂದ್ರದ ಆದೇಶ. ಗಾಳಿ ನಿಮ್ಮ ಮಿತಿ ಮೀರಿದೆ. ಇರುವಲ್ಲೇ ಇಳಿಯಿರಿ. ಇಳಿಯದಿದ್ದವರ ಲೈಸೆನ್ಸ್ ಈಗಲೇ ರದ್ದು,” ಎಂದೆ. ಈ ವಾಹಿನಿಯಲ್ಲಿ ಆಡಿದ ಪ್ರತಿ ಮಾತೂ ದಾಖಲಾಗುತ್ತದೆ. ಅದು ಪೈಲಟ್‌ಗಳಿಗೆ ಪರೀಕ್ಷೆಯಲ್ಲಿ ಕೇಳುವ ಮೊದಲ ಪ್ರಶ್ನೆ.

ಶುರುವಾಯಿತು ಗೋಳು.

“ಸಾರ್, ಕೆಳಗೆ ಬರೀ ಜಾಲಿಮುಳ್ಳು! ಎಲ್ಲಿ ಇಳಿಸ್ಲಿ?”

“ಸಾರ್, ನಾನು ಕೆರೆ ಮೇಲಿದ್ದೀನಿ!”

“ದಡಕ್ಕೆ ಹೋಗಿ ಇಳಿಸಿ. ಮಿಂಚುಳ್ಳಿ ಈ ಗಾಳಿ ತಡೆಯೋಲ್ಲ, ಮೊನ್ನೆ ಬಿದ್ದಿದೆ,” ಎಂದೆ.

ಅಷ್ಟರಲ್ಲಿ ರುದ್ರಮುನಿಯ ದನಿ. ಗುಡ್ಡದ ಮೇಲೆ ಗಾಳಿಯಂತ್ರವೊಂದರ ರಿಪೇರಿಗೆ ಕ್ರೇನು ನಿಲ್ಲಿಸಿಕೊಂಡು ಕಾಯುತ್ತಿದ್ದರು, ಅದರ ಭಾಗ ಆತನ ಯಂತ್ರದಲ್ಲಿತ್ತು. “ಕೊಟ್ರೇಶಪ್ಪ, ಫ್ಯಾನಿನೋರು ಕಾಯ್ತಾವ್ರೆ! ಈ ಗುತ್ತಿಗೆ ಹೋದ್ರೆ ನಾನು ಕೆಟ್ಟೆ! ಇದು ಈ ಗಾಳಿಗೆಲ್ಲ ಬೀಳೋ ಯಂತ್ರ ಅಲ್ಲ, ನಿಮ್ಗೊತ್ತಲ್ಲ!”

“ನನಗೇನು ಗೊತ್ತು? ಪರದೆ ಮಿಂಚುಳ್ಳಿ ಅನ್ನುತ್ತಿದೆ. ಇಳಿಸಿ.”

“ಮಿಂಚುಳ್ಳಿ ಅಲ್ಲ ಕಣ್ರೀ! ಗೂಳಿ! ಗೂಳಿ ಇದು! ಬಿಲ್ಲೆ ಒಂದೇ ಮಿಂಚುಳ್ಳಿದು!”

ಅಧ್ಯಕ್ಷನೇ ಬಾಯಿಬಿಟ್ಟ ಮೇಲೆ ಉಳಿದವರಿಗೆ ಯಾವ ಭಯ? “ನಂದೂ ಗೂಳಿನೇ ಸಾರ್,” “ಸಾರ್, ನಂದೂ ಬರೀ ಬಿಲ್ಲೆ,” ಎಂದು ಒಬ್ಬೊಬ್ಬರೂ ಲೈಸೆನ್ಸ್ ಸಂಖ್ಯೆ ಸಮೇತ ಒದರತೊಡಗಿದರು. ಎರಡು ದಿನದ ಹಿಂದೆ ಒಬ್ಬ ಹೆಣ್ಣುಮಗಳ ಬದುಕಿಗಾಗಿ ತುಟಿ ಬಿಚ್ಚದವರು ಊಟದ ಪೊಟ್ಟಣಕ್ಕಾಗಿ ಗಂಟಲು ಹರಿದುಕೊಂಡರು. ನಾನು ಗೆದ್ದಿದ್ದೆ. ಆದರೂ ಆ ದನಿಗಳನ್ನು ಕೇಳುತ್ತಾ ಕೂತಿರುವಾಗ ನನಗೆ ಬಂದದ್ದು ಸಂತೋಷವಲ್ಲ, ಅಸಹ್ಯ.

ವಿಚಾರಣೆ ಮುಗಿಯಿತು. ದಾಕ್ಷಿಯ ತಪ್ಪಿಲ್ಲ ಎಂದು ಬರೆದು ಲೈಸೆನ್ಸ್ ವಾಪಸು ಕೊಟ್ಟರು. ಸಂಘದವರಿಗೇನಾಯಿತು ಅಂತೀರಾ? ಎಲ್ಲರ ಲೈಸೆನ್ಸ್ ಕಿತ್ತುಕೊಂಡರೆ ಜಿಲ್ಲೆಯ ಆಕಾಶವೇ ಬಂದ್ ಆಗುತ್ತದೆ ಎಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಕಂಪನಿ ಇದನ್ನು ‘ಬಿಲ್ಲೆ ವಿತರಣೆಯಲ್ಲಿನ ಗೊಂದಲ’ ಎಂದು ಕರೆದು ಕೈ ತೊಳೆದುಕೊಂಡಿತು. ಸುಳ್ಳು ಹೆಸರಿನ ಹಾರಾಟಗಳನ್ನೆಲ್ಲ ಗಣಕದಿಂದ ಅಳಿಸಿದರು. ಅಳಿಸಿದ ಮೇಲೆ ನೋಡಿದರೆ ಇಡೀ ಜಿಲ್ಲೆಯಲ್ಲಿ ನಿಜವಾಗಿ ಮಿಂಚುಳ್ಳಿ ಹಾರಿಸಿದವಳು ದಾಕ್ಷಿ ಒಬ್ಬಳೇ.

“ಆ ಹಾರಾಟಗಳನ್ನ ಗೂಳಿಯ ಲೆಕ್ಕಕ್ಕೆ ಸೇರಿಸಿ ಸರ್. ಹಾರಿದ್ದು ಅದೇ ತಾನೆ?” ಎಂದು ನಾನು ರಾಯರನ್ನು ಕೇಳಿಕೊಂಡೆ.

“ಹಾರಿದ್ದು ಅದೇ ಎಂದು ಗಣಕಕ್ಕೆ ಹೇಗೆ ಗೊತ್ತಾಗಬೇಕು? ಬಿಲ್ಲೆ ಹೇಳಿಲ್ಲವಲ್ಲ,” ಎಂದರು ಅವರು, ಅದೇ ತಣ್ಣನೆಯ ದನಿಯಲ್ಲಿ.

ಹೀಗಾಗಿ ಗೂಳಿ ಮೂರು ವರ್ಷ ಹಾರಿಯೇ ಇಲ್ಲ ಎಂದಾಯಿತು. ಅಷ್ಟು ಕಾಲ ದಾಖಲೆ ಇಲ್ಲದ ಮಾದರಿ ಮತ್ತೆ ಮೊದಲಿನಿಂದ ಶುರುಮಾಡಬೇಕು ಎಂಬುದು ನಿಯಮ. ದುರ್ಗದ ಗಾಳಿಯನ್ನು ಎದೆಗೊಟ್ಟು ತಡೆದ ಯಂತ್ರಕ್ಕೆ ಹೊಸ ಮಾದರಿಗಳಿಗೆಲ್ಲ ಹಾಕುವ ಇಪ್ಪತ್ತಾರರ ಮಿತಿ ಬಿತ್ತು. ಬಿಲ್ಲೆಯನ್ನು ಮೋಟಾರಿಗೇ ಜೋಡಿಸಿ ಬಿಗಿ ಮಾಡಿದರು, ಅದು ಯಾವ ಯಂತ್ರಕ್ಕೆ ಅಂಟಿದೆ ಎಂದು ಮಾತ್ರ ಯಾರೂ ನೋಡುವುದಿಲ್ಲ. ಈಗ ಗಣಕ ಕೆಂಪು ತೋರಿಸಿದರೆ ಮೋಟಾರೇ ತಿರುಗುವುದಿಲ್ಲ, ಪಾಳಿ ಅಧಿಕಾರಿ ತಲೆಕೆಳಗಾಗಿ ನಿಂತರೂ ಆಗದು.

ದಾಕ್ಷಿ ರುದ್ರಮುನಿಯ ಜೋಡಿ ಗೂಳಿಗಳಲ್ಲಿ ಒಂದನ್ನು ಕೊಂಡುಕೊಂಡಳು. ಅವನ ಹತ್ತಿರವೇ ಯಾಕೆ ಎಂದು ನಾನು ರೇಗಿದೆ. “ಯಂತ್ರ ಏನ್ ಮಾಡೈತಣ್ಣ? ಅದು ಯಾವತ್ತೂ ಬೀಳ್ಲಿಲ್ಲ,” ಎಂದಳು. ಅದಕ್ಕೆ ಗೂಳಿಯ ಬಿಲ್ಲೆಯನ್ನೇ ಅಂಟಿಸಿಕೊಂಡು, ದಿನವೂ ಮಿತಿಗಿಂತ ಒಂಚೂರು ಹೆಚ್ಚಿನ ಗಾಳಿಯಲ್ಲಿ ಹಾರಿಸಿ ಇಳಿಸುತ್ತಿದ್ದಳು. ಒಬ್ಬಳೇ. ಒಂದು ವರ್ಷ ದುಡಿದು ಮಿತಿಯನ್ನು ಮೂವತ್ತೊಂದಕ್ಕೆ ಏರಿಸಿದಳು. ಸಂಘದವರು ಅವಳ ಜೊತೆ ಕೈಜೋಡಿಸಿದ್ದರೆ ಆ ಹೊತ್ತಿಗೆ ಐವತ್ತು ಆಗುತ್ತಿತ್ತು. ಅವರಿಗೆ ಅಷ್ಟು ಪುರುಸೊತ್ತೆಲ್ಲಿ? ಪಟ್ಟಿಯಲ್ಲಿ ಮೇಲೇರುವ ಹೊಸ ಹೆಸರಿಗಾಗಿ ಬಾಯಿಬಿಟ್ಟುಕೊಂಡು ಕೂತಿದ್ದರು.

ಮತ್ತೆ ಆಷಾಢ. ಬೋರನಹಟ್ಟಿಯಿಂದಲೇ ಕರೆ. ಹೆರಿಗೆಯಾದ ಹೆಂಗಸಿಗೆ ರಕ್ತ ನಿಲ್ಲುತ್ತಿಲ್ಲ, ರಕ್ತದ ಚೀಲ ಬೇಕು. ದಾಕ್ಷಿ ಆಸ್ಪತ್ರೆಯ ಮಾಳಿಗೆಯಲ್ಲಿ ಪೆಟ್ಟಿಗೆ ಕಟ್ಟಿ ಸಿದ್ಧವಾಗಿದ್ದಳು. “ಕೇಂದ್ರ, ಗೂಳಿ. ಬೋರನಹಟ್ಟಿಗೆ ರಕ್ತ. ದಾರಿ ಬಿಡಿ.”

ಗಾಳಿ ನಲವತ್ತೆರಡು. ಪರದೆ ಕೆಂಪು. ಗುಂಡಿ ಒತ್ತಿದೆ, ಮ್ಯಾನೇಜರಿಗೆ ಫೋನು ಮಾಡಿದೆ, ಬೆಂಗಳೂರಿಗೆ ಮಾಡಿದೆ. ಎಲ್ಲರ ಬಾಯಲ್ಲೂ ಒಂದೇ ಮಾತು, ಗಣಕ ಒಪ್ಪಬೇಕು. “ಅಣ್ಣ, ಹೋಗ್ತೈತಣ್ಣ ಇದು. ನಿಂಗೂ ಗೊತ್ತು, ನಂಗೂ ಗೊತ್ತು,” ಎಂದಳು ದಾಕ್ಷಿ. ನನಗೆ ಗೊತ್ತಿತ್ತು. ಮೂರು ವರ್ಷ ಇದೇ ಯಂತ್ರ ಇದಕ್ಕಿಂತ ಹೆಚ್ಚಿನ ಗಾಳಿಯಲ್ಲಿ ಹೋಗಿ ಬಂದದ್ದನ್ನು ನೋಡಿದವನು ನಾನೇ. “ಆಗ್ತಿಲ್ಲ ದಾಕ್ಷಿ,” ಎಂದೆ.

ಆಗ ವಾಹಿನಿಯಲ್ಲಿ ಇನ್ನೊಂದು ದನಿ ಬಂತು. “ಕೇಂದ್ರ, ಗರುಡ. ನಾನೂ ಮಾಳಿಗೆ ಮೇಲೇ ಇದ್ದೀನಿ. ರಕ್ತ ನಾನು ತಗಂಡೋಗ್ಲಾ?”

ರುದ್ರಮುನಿ. ಗರುಡ ಎಂಬ ಮಾದರಿ ನಮ್ಮ ಜಿಲ್ಲೆಗೆ ಬಂದು ತಿಂಗಳಾಗಿತ್ತು. ಬೇರೆ ಜಿಲ್ಲೆಗಳ ದಾಖಲೆ ಹೊತ್ತುಕೊಂಡು ಅರವತ್ತರ ಮಿತಿಯ ಜೊತೆಗೇ ಬಂದಿತ್ತು. ಪರದೆಯ ಮೇಲೆ ಅವನ ಚುಕ್ಕೆ ಹಚ್ಚ ಹಸಿರು.

“ನಿಮ್ಮದು ಯಾವ ಯಂತ್ರ ರುದ್ರಮುನಿ?” ಎಂದೆ.

“ಗರುಡ ಸಾರ್. ಪರದೆ ಮೇಲೆ ಬಂದಿಲ್ವಾ?”

ನಾನು ದಾಕ್ಷಿಯನ್ನು ಕೇಳಿದೆ, “ಅಲ್ಲಿ ಏನು ಕಾಣ್ತಿದೆ?” ಕಂಡದ್ದನ್ನು ಅವಳು ಎಲ್ಲ ದಾಖಲಾಗುವ ವಾಹಿನಿಯಲ್ಲಿ ಆಡಲಿಲ್ಲ, ಮನೆಗೆ ಬಂದ ಮೇಲೆ ಹೇಳಿದಳು. ಅವಳ ಯಂತ್ರದ ಜೋಡಿಯೇ ಅವಳ ಪಕ್ಕದಲ್ಲಿ ನಿಂತಿತ್ತು. ಒಂದೇ ವರ್ಷದ್ದು, ಒಂದೇ ಶೆಡ್ಡಿನದು, ಕಪ್ಪು ಮೈ, ಆರು ತೋಳು. ನಿಜವಾದ ಬಿಲ್ಲೆ ಹಾಕಿಕೊಂಡದ್ದು ನೆಲಕ್ಕಂಟಿಕೊಂಡು ಕೂತಿತ್ತು.

“ಅಲ್ಲಿ ಆಕೆ ಸಾಯ್ತಾಳಣ್ಣ,” ಎಂದಳು ಕೊನೆಗೆ. “ಪೆಟ್ಟಿಗೆ ಬಿಚ್ಚಿ ಇವ್ರಿಗೇ ಕೊಡ್ತಿದ್ದೀನಿ. ದಾರಿ ಬಿಡು.”

ಬಿಟ್ಟೆ. ಹಸಿರು ಚುಕ್ಕೆ ನೆಟ್ಟಗೆ ಹೋಗಿ ಬೋರನಹಟ್ಟಿಯಲ್ಲಿ ಇಳಿಯಿತು. ತಾಯಿ ಉಳಿದಳು. ಒಬ್ಬರೂ ದಾಕ್ಷಿಯ ಹೆಸರೆತ್ತಲಿಲ್ಲ, ಸಂಜೆ ಟೀವಿಯಲ್ಲಿ ಗರುಡದ ಗುಣಗಾನ. ನನ್ನ ಪರದೆಯ ಮೂಲೆಯಲ್ಲಿ ಗರುಡದ ಲೆಕ್ಕಕ್ಕೆ ಇನ್ನೊಂದು ಕ್ಷೇಮದ ಹಾರಾಟ ಸೇರಿತ್ತು, ನಾನೇ ಬಿಟ್ಟ ದಾರಿಯಲ್ಲಿ ಹಾರಿದ್ದು. ಆ ಅಂಕಿಯನ್ನು ನಂಬಿ, ಇದ್ದಬದ್ದದ್ದನ್ನು ಸುರಿದು, ನಿಜವಾದ ಗರುಡವನ್ನು ಮನೆಗೆ ತರಿಸಿಕೊಳ್ಳುವವಳು ಯಾವ ಊರಲ್ಲಿದ್ದಾಳೋ ನನಗೆ ಗೊತ್ತಿಲ್ಲ.